ಚೆಂಗ್ದುವಿನಲ್ಲಿ ಮೂರನೆಯ ಬಟ್ಟಲು

ಸತ್ತವರು ಬಂದು ಉಂಡು ಹೋಗುತ್ತಾರೆ ಎಂಬುದನ್ನು ನಾನು ಎಂದೂ ನಂಬಿದವಳಲ್ಲ. ಮಹಾಲಯ ಅಮಾವಾಸ್ಯೆಯ ದಿನ ನಮ್ಮ ಮನೆಯಲ್ಲಿ ತೀರಿಹೋದ ಒಬ್ಬೊಬ್ಬರಿಗೂ ಒಂದೊಂದು ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನು ಬಡಿಸಿ, ಅಂಗಳದಲ್ಲಿಟ್ಟು ಕಾಗೆಗೆ ಕಾಯುತ್ತಾರೆ. ಕಾಗೆ ಮುಟ್ಟಿದರೆ ಅವರು ಬಂದರು ಎಂದು ಲೆಕ್ಕ. ಹಸಿದ ಕಾಗೆ ಅನ್ನ ಬಿಟ್ಟೀತೇ ಎಂದು ನಾನು ಒಳಗೊಳಗೇ ನಗುತ್ತಿದ್ದೆ. ಈಗಲೂ ನಂಬುತ್ತೇನೆಂದು ಹೇಳಲಾರೆ. ನಡೆದದ್ದನ್ನಷ್ಟೇ ಹೇಳುತ್ತೇನೆ.

ನಮ್ಮದು ಸೀತೂರಿನ ಕಡೆ. ನನ್ನ ತಮ್ಮ ಸುಹಾಸ ಭದ್ರಾ ಹಿನ್ನೀರಿಗೆ ಮೀನು ಹಿಡಿಯಲು ಹೋದವನು ತಿರುಗಿ ಬರಲಿಲ್ಲ. ತೆಪ್ಪ ದಡಕ್ಕೆ ಬಂತು, ಅವನು ಸಿಗಲಿಲ್ಲ. ಹೆಣವನ್ನು ಕಣ್ಣಿಂದ ನೋಡದೆ, ಅವನು ಸತ್ತನೆಂದು ಅಮ್ಮ ಒಪ್ಪಲಿಲ್ಲ. ಅವನಿಗೆ ಎಲೆ ಹಾಕಲು ಎರಡು ವರ್ಷ ಯಾರಿಗೂ ಬಿಡಲಿಲ್ಲ.

ಮೂರನೆಯ ವರ್ಷದ ಅಮಾವಾಸ್ಯೆಗೆ ನಾನು ಚೀನಾದ ಚೆಂಗ್ದುವಿನಲ್ಲಿದ್ದೆ, ಒಂದು ವಿಚಾರ ಸಂಕಿರಣಕ್ಕೆಂದು. ಬೆಳಿಗ್ಗೆ ಅಮ್ಮನ ಫೋನ್ ಬಂತು.

"ಅಪ್ಪ ಈ ಸಲ ಅವನಿಗೂ ಒಂದು ಎಲೆ ಹಾಕುವ ಅಂತಾರೆ. ಎಂತ ಮಾಡೋದು ಹೇಳು ಮಾರಾಯ್ತಿ. ಹಾಕಿದ್ರೆ ಅವನಿಲ್ಲ ಅಂತ ನಾನೇ ಹೇಳಿದ ಹಾಗಲ್ವಾ?"

"ಹಾಕಮ್ಮ" ಎಂದೆ.

ಅಂದು ಅಲ್ಲಿಯ ಗೆಳತಿ ಲಿನ್ ನನಗೆ ಹಳೆಯ ಊರು ತೋರಿಸಿದಳು. ಕಪ್ಪು ಹೆಂಚಿನ ಬೀದಿಗಳು, ಬಿದಿರು ಕುರ್ಚಿಯಲ್ಲಿ ಗಂಟೆಗಟ್ಟಲೆ ಚಹಾ ಕುಡಿಯುವ ಮುದುಕರು, ಎಲ್ಲೆಲ್ಲೂ ಕೆಂಪು ಮೆಣಸಿನ ಘಾಟು. ನಮ್ಮ ಮೀನುಸಾರಿಗೆ ಹಾಕುವ, ನಾಲಿಗೆ ಜುಮ್ಮೆನ್ನಿಸುವ ಜುಮ್ಮನಕಾಯಿಯಂಥದ್ದೇ ಒಂದು ಕಾಯಿ ಅವರ ಪ್ರತಿ ಅಡುಗೆಯಲ್ಲೂ ಇರುತ್ತದೆ. ಊಟಕ್ಕೆ ಹೊತ್ತು ಮೀರಿ ಒಂದು ಸಣ್ಣ ಹೋಟೆಲಿಗೆ ಹೋದೆವು. ನಮ್ಮನ್ನು ಬಿಟ್ಟರೆ ಅಲ್ಲಿ ಬೇರೆ ಗಿರಾಕಿಗಳಿರಲಿಲ್ಲ.

ಹೋಟೆಲಿನ ಅಜ್ಜಿ ಮೂರು ಬಟ್ಟಲು ತಂದಳು. ಎರಡರಲ್ಲಿ ಕೆಂಪು ಸಾರು; ಮೂರನೆಯದರಲ್ಲಿ ಮೆಣಸೇ ಇಲ್ಲದ ಬಿಳಿ ಸಾರು. ಅದನ್ನು ನನ್ನ ಪಕ್ಕದ ಖಾಲಿ ಕುರ್ಚಿಯ ಎದುರಿಗಿಟ್ಟು, ಕುರ್ಚಿಯ ಬೆನ್ನಿಗೆ ಒಂದು ಟವಲ್ ಹಾಕಿದಳು.

ಲಿನ್ ಅವಳನ್ನು ವಿಚಾರಿಸಿ ನಕ್ಕಳು. "ನಿನ್ನ ಹಿಂದೆಯೇ ಒಬ್ಬ ಹುಡುಗ ಬಂದನಂತೆ. ಖಾರ ಬೇಡ ಅಂತ ಕೈ ಅಲ್ಲಾಡಿಸಿದನಂತೆ. ಖಾರ ಬೇಡದವನು ನಮ್ಮೂರಿಗೆ ಯಾಕೆ ಬಂದ, ಕೇಳು!"

"ಟವಲ್ ಯಾಕೆ?"

ಅವಳು ಅಜ್ಜಿಯನ್ನು ಮತ್ತೆ ಕೇಳಿ ಹೇಳಿದಳು. "ತಲೆಯಿಂದ ನೀರು ಸುರಿಯುತ್ತಿತ್ತಂತೆ."

ಹೊರಗೆ ಬಿಸಿಲಿತ್ತು. ನನಗೊಬ್ಬ ತಮ್ಮನಿದ್ದ ಎಂಬುದೇ ಲಿನ್‌ಗೆ ಗೊತ್ತಿರಲಿಲ್ಲ. ಸುಹಾಸನಿಗೆ ಖಾರ ಆಗುತ್ತಿರಲಿಲ್ಲ. ಮೆಣಸು ಅರೆದು ಹಾಕುವ ಮುಂಚೆಯೇ ಅಮ್ಮ ಅವನ ಪಾಲು ತೆಗೆದಿಡುತ್ತಿದ್ದಳು. ನಾನು ಪಕ್ಕಕ್ಕೆ ತಿರುಗಲಿಲ್ಲ. ಊಟ ಹೇಗಿತ್ತೆಂದು ಈಗ ನೆನಪಿಲ್ಲ.

ರೂಮಿಗೆ ಮರಳುವಾಗ ಅಮ್ಮನ ಫೋನ್ ಮತ್ತೆ ಬಂತು. ಮೂರು ವರ್ಷಗಳಿಂದ ಕೇಳದ ಗೆಲುವು ಅವಳ ದನಿಯಲ್ಲಿತ್ತು.

"ಅಜ್ಜ, ಅಜ್ಜಿ, ದೊಡ್ಡಪ್ಪ, ಎಲ್ಲರ ಎಲೆನೂ ಕಾಗೆ ಮುಟ್ಟಿತು ಕಣೆ. ಅವನದ್ದು ಒಂದು ಅಗುಳೂ ಮುಟ್ಟಲಿಲ್ಲ. ಅಪ್ಪನೂ ಬಾಯಿ ಮುಚ್ಚಿಕೊಂಡು ಕೂತಿದ್ದಾರೆ. ಅವನು ಬಂದಿಲ್ಲ ಅಂದ್ರೆ ಎಲ್ಲೋ ಇದ್ದಾನೆ. ಹೌದಾ ಅಲ್ವಾ, ನೀನೇ ಹೇಳು."

ಹೋಟೆಲಿನ ಅಜ್ಜಿ ಕಂಡದ್ದು ಯಾರನ್ನು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಬೀದಿಯಲ್ಲಿ ಹೋಗುವ ಯಾರೋ ಹುಡುಗ ಇಣುಕಿ ಹೋಗಿದ್ದನೇನೋ. ಆ ಹೊತ್ತಿಗೆ ಮಾತ್ರ ನಾನು, "ಹೌದಮ್ಮ, ಇದ್ದಾನೆ" ಎಂದೆ. ಅಂದಿನಿಂದ ಅಮ್ಮ ಪ್ರತಿ ರಾತ್ರಿ ಅವನ ಪಾಲಿನ ಅನ್ನ ಎತ್ತಿಡುತ್ತಾಳೆ.