ಕೋಟೆಯಲ್ಲಿ ಮೂಡೆ ಸುತ್ತಿದ ಭಾನುವಾರ

ಐವತ್ತರ ದಶಕದ ಮಾತು. ನಾನು ಮದುವೆಯಾಗಿ ಮಂಗಳೂರಿನಿಂದ ಬೊಂಬಾಯಿಯ ಬಾಂದ್ರಾಕ್ಕೆ ಬಂದ ಹೊಸತು. ಸಮುದ್ರದಂಚಿನ ಹಳೆಯ ಕೋಟೆಯಲ್ಲಿ ನಮ್ಮ ವಠಾರದ ಮಹಿಳಾ ಮಂಡಳಿಯವರು ಭಾನುವಾರಗಳಂದು ಕೈಕಸುಬಿನ ಶಿಬಿರ ನಡೆಸುತ್ತಿದ್ದರು. ಕೋಟೆ ನೋಡಲು ಬಂದವರು ಅಲ್ಲೇ ಕೂತು ಮಣ್ಣಿನ ಹಣತೆಯನ್ನೋ ಬಿದಿರಿನ ಬುಟ್ಟಿಯನ್ನೋ ತಮ್ಮ ಕೈಯಾರೆ ಮಾಡಿ ಮನೆಗೆ ಒಯ್ಯಬಹುದಿತ್ತು.

ಕಾನ್ವೆಂಟಿನಲ್ಲಿ ಕಲಿತ ಲೇಸು ಹೆಣಿಗೆಯನ್ನು ಕಲಿಸುತ್ತೇನೆಂದು ಹೋದೆ. ಲೇಸಿನವರು ಆಗಲೇ ಇದ್ದಾರೆ ಎಂದರು ಕಾರ್ಯದರ್ಶಿಬಾಯಿ. ಬರಿದೆ ಮರಳಲು ಮನಸ್ಸಾಗದೆ, "ಹಾಗಾದ್ರೆ ಮೂಡೆ ಕಲಿಸ್ತೇನೆ" ಎಂದುಬಿಟ್ಟೆ. ಕೇದಗೆಯ ಉದ್ದ ಎಲೆಯನ್ನು ಲೋಟದಂತೆ ಸುತ್ತಿ, ಕಡ್ಡಿ ಚುಚ್ಚಿ, ಒಳಗೆ ಇಡ್ಲಿ ಹಿಟ್ಟು ಹೊಯ್ದು ಬೇಯಿಸುವುದು ನಮ್ಮೂರ ಅಷ್ಟಮಿಯ ಸಂಭ್ರಮ.

"ಯೇ ತೋ ರಸೋಯಿ ಹೈ," ಎಂದರು ಬಾಯಿ. "ಠೀಕ್ ಹೈ, ಏಕ್ ಸಂಡೇ. ಲೋಗ್ ನಹೀ ಬೈಠೇ ತೋ ಜಗಾ ಮೇಣಬತ್ತಿವಾಲೀ ಕೋ."

ಅಂದರೆ, ಇದು ಅಡುಗೆಯೇ ಹೊರತು ಕಸುಬಲ್ಲ, ಆದರೂ ಒಂದು ಭಾನುವಾರ ನೋಡೋಣ. ಜನ ಕೂತರೆ ಪ್ರತಿ ಭಾನುವಾರವೂ ನನ್ನದು. ಕೂರದಿದ್ದರೆ ಮೇಣದಬತ್ತಿ ಮಾಡುವವಳದು. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ವಠಾರದ ನಮ್ಮ ಎರಡು ಕೋಣೆಗಳ ಆಚೆ ನನ್ನದೆಂದು ಒಂದು ಜಾಗ, ಅದೂ ಕೋಟೆಯಲ್ಲಿ.

ಶನಿವಾರ ಸಮುದ್ರದಂಚಿನ ಪೊದೆಯಿಂದ ಕೇದಗೆ ಎಲೆ ಕೊಯ್ದು ತಂದು, ಮುಳ್ಳು ತೆಗೆದು, ಬೆಂಕಿಗೆ ಹಿಡಿದು ಬಾಡಿಸಿ, ಸುರುಳಿ ಸುತ್ತಿಟ್ಟೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ನೋಡಲು ಬರುವವರ ಮುಂದೆ ಸುಕ್ಕುಸುಕ್ಕಾದ ಎಲೆಗಳನ್ನು ಇಡುವುದು ಹೇಗೆ? ಸುರುಳಿ ಬಿಚ್ಚಿ, ಇದ್ದಿಲಿನ ಇಸ್ತ್ರಿಪೆಟ್ಟಿಗೆಯನ್ನು ನಿಧಾನವಾಗಿ ಓಡಿಸಿದೆ. ಎಲೆಗಳು ಶಾಲೆಯ ರಿಬ್ಬನ್ನಿನಂತೆ ನೆಟ್ಟಗಾದವು. ನನಗೇ ಹೆಮ್ಮೆ.

ಮರುದಿನ ಅತ್ತೆಯೂ ಜೊತೆಗೆ ಹೊರಟರು. "ಎಲೆ ಸುತ್ತೋದನ್ನ ನೋಡ್ಲಿಕ್ಕೆ ಕೋಟೆಗೆ ಹೋಗ್ಬೇಕಾ ಮಾರಾಯ್ತಿ" ಎನ್ನುತ್ತಲೇ ಒಳ್ಳೆಯ ಸೀರೆ ಉಟ್ಟಿದ್ದರು.

ಮುರಿದ ಗೋಡೆಯ ನೆರಳಲ್ಲಿ ಚಾಪೆ ಹಾಸಿದೆ. ಕಲ್ಲುಗಳ ಸಂದಿಯಲ್ಲಿ ಹಸಿರು ಪಾಚಿ, ಕೆಳಗೆ ಸಮುದ್ರ, ಬುಟ್ಟಿ ಹೆಣೆಯುವವರ ಸುತ್ತ ಆಗಲೇ ಜನ. ನನ್ನೆದುರು ಮೊದಲು ಕೂತವರು ಒಬ್ಬರು ಗುಜರಾತಿ ಹೆಂಗಸು, ಅವರ ಕಡೆಯ ರೂಢಿಯಲ್ಲಿ 'ಬೆನ್', ಮತ್ತು ಅವರ ಮಗಳು. ಎಲೆಯನ್ನು ಬೆರಳಿಗೆ ಸುತ್ತಿ ತೋರಿಸಹೋದೆ. ಚಟ್ ಎಂದು ಸೀಳಿತು. ಇನ್ನೊಂದು ತೆಗೆದೆ. ಅದೂ ಚಟ್.

"ಅರೇ, ಯೇ ತೋ ಪಾಪಡ್ ಹೈ," ಎಂದು ಮಗಳು ನಕ್ಕಳು.

ಅತ್ತೆ ಬಗ್ಗಿ ಒಂದು ಎಲೆ ಸವರಿ ನೋಡಿದರು. "ಇದೆಂತ ಇಷ್ಟು ನುಣುಪು? ಇಸ್ತ್ರಿ ಹಾಕಿದ್ದಾ? ನನ್ನ ಮಗನ ಅಂಗಿ ಅಂತ ಮಾಡಿದ್ಯಾ ನೀನು?"

ಇದ್ದ ಪಸೆಯೆಲ್ಲ ಇಸ್ತ್ರಿಗೆ ಹೋಗಿತ್ತು, ಮೇಲೆ ಸಮುದ್ರದ ಗಾಳಿ ಬೇರೆ. ಬೆನ್ ಸೆರಗು ಸರಿಮಾಡಿಕೊಂಡು ಏಳತೊಡಗಿದರು. ಕಾರ್ಯದರ್ಶಿಬಾಯಿ ದೂರದಿಂದ ನೋಡುತ್ತಿದ್ದರು. ಆಗ ಕಂಡಿತು, ಬಾಗಿಲ ಕಮಾನಿನ ಬಳಿ ಚಾಯವಾಲಾನ ಸಿಗಡಿ, ಇದ್ದಿಲಿನ ಒಲೆ. ಅದರ ಮೇಲೆ ಬುಸುಗುಟ್ಟುವ ಕೆಟಲು.

ಎಲೆಗಳನ್ನು ಎದೆಗವಚಿಕೊಂಡು ಓಡಿದೆ. ಕಾನ್ವೆಂಟಿನ ಸಿಸ್ಟರುಗಳು ನೋಡಿದ್ದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

"ಭೈಯಾ, ಥೋಡಾ ಭಾಪ್ ದೋ," ಎಂದೆ.

"ಭಾಪ್? ಚಾಯ್ ನಹೀ?" ಅವನು ಪಿಳಿಪಿಳಿ ನೋಡಿ, ಕೆಟಲಿನ ಮುಚ್ಚಳ ಎತ್ತಿದ. ಎಲೆಗೆ ನೀರು ಚಿಮುಕಿಸಿ ಹಬೆಗೆ ಹಿಡಿದೆ. ಹಸಿರು ಗಾಢವಾಯಿತು, ತುದಿ ಮೆಲ್ಲಗೆ ಬಾಗಿತು. ಕೇದಗೆಯ ಪರಿಮಳ ಗಾಳಿಯಲ್ಲಿ ಹರಡಿದ್ದೇ ತಡ, ಚಹಾಕ್ಕೆಂದು ನಿಂತವರು ಲೋಟ ಹಿಡಿದು ಹತ್ತಿರ ಬಂದರು. ಪಾಪಡ್ ಎಂದ ಹುಡುಗಿಯೂ ಬಂದು, "ಮೈಂ ಪಕಡೂಂ?" ಎಂದು ಕೈಚಾಚಿದಳು. ಅವಳ ಹಿಂದೆ ತಾಯಿ.

ಅಲ್ಲೇ, ಸಿಗಡಿಯ ಪಕ್ಕದಲ್ಲೇ ಚಾಪೆ ಎಳೆದುಕೊಂಡೆವು. ಬಂದವರು ಬಂದಹಾಗೆ ತಮ್ಮ ಎಲೆಯನ್ನು ತಾವೇ ಬಾಡಿಸಿ ತಂದು ಕೂತರು. ಯಾರದೋ ಮೂಡೆ ಸೊಟ್ಟ, ಯಾರದೋ ತಳವಿಲ್ಲದ್ದು. ಅತ್ತೆ ಸಾಲಿನ ನಡುವೆ ಕೂತು ಕಡ್ಡಿ ಚುಚ್ಚುತ್ತ, ತಮಗೆ ಬಾರದ ಹಿಂದಿಯಲ್ಲಿ ಎಲ್ಲರನ್ನೂ ಗದರುತ್ತಿದ್ದರು: "ಇಧರ್ ತೂತು ಹೈ. ಹಿಟ್ಟು ಸಬ್ ಜಾತಾ." ಬೆನ್ ತಮ್ಮ ಮೂಡೆಯನ್ನು ತಿರುಗಿಸಿ ನೋಡಿ, ಢೋಕ್ಲಾ ಹಿಟ್ಟು ಹೊಯ್ಯಬಹುದೇ ಎಂದು ಕೇಳಿದರು. ಅತ್ತೆ ಒಂದು ಗಳಿಗೆ ಯೋಚಿಸಿ, "ಹೊಯ್ದು ನೋಡಿ, ನಂಗೂ ಹೇಳಿ" ಎಂದರು, ಅಪ್ಪಟ ಕನ್ನಡದಲ್ಲಿ.

ಬಿಸಿಲು ಇಳಿಯುವ ಹೊತ್ತಿಗೆ ಎಲೆಗಳು ಮುಗಿದಿದ್ದವು, ಜನ ಮುಗಿದಿರಲಿಲ್ಲ. ಕಾರ್ಯದರ್ಶಿಬಾಯಿ ಬಂದು, ಜಾಗವಿಲ್ಲದೆ ನನ್ನ ಚಾಪೆಯ ಅಂಚಿನಲ್ಲಿ ಕೂತರು.

"ಅಗಲೇ ಸಂಡೇ ಅಪನೀ ಸಿಗಡೀ ಲಾನಾ," ಎಂದರು. "ಚಾಯವಾಲಾ ಕಾ ಧಂದಾ ಬಂದ್ ಹೋ ಗಯಾ."

ಮುಂದಿನ ಭಾನುವಾರವೂ ಜಾಗ ನನ್ನದೇ, ಚಹಾದವನ ವ್ಯಾಪಾರ ಕೆಡದಂತೆ ಒಲೆ ಮಾತ್ರ ನಮ್ಮದೇ ತರಬೇಕು. ನಾನು ಏನಾದರೂ ಹೇಳುವ ಮೊದಲೇ ಅತ್ತೆ ತಲೆಯಾಡಿಸಿ ಒಪ್ಪಿಕೊಂಡಾಗಿತ್ತು.