ಹತ್ತು ಗಂಟೆಗೆ ಹೋಗುವ ಕರೆಂಟು

ಹರಪನಹಳ್ಳಿಯ ಹುಡುಗಿಯರ ಹಾಸ್ಟೆಲಿನಲ್ಲಿ ಅಡುಗೆ ಮಾಡುವ ಗೀತಮ್ಮನಿಗೆ ನಿದ್ದೆ ಅಂದರೆ ಜೀವ. ಮುಸುರೆ ತಿಕ್ಕಿ, ಅಡುಗೆಮನೆಯ ಮೂಲೆಯಲ್ಲಿ ಚಾಪೆ ಹಾಸಿ ಅಡ್ಡಾದಳೆಂದರೆ ಮುಗಿಯಿತು, ಕಿವಿಯ ಪಕ್ಕ ಡೊಳ್ಳು ಬಡಿದರೂ ಏಳುವವಳಲ್ಲ. ನಲವತ್ತು ಹುಡುಗಿಯರಿಗೆ ರೊಟ್ಟಿ ಬಡಿಯುವ ರಟ್ಟೆ ಅದು, ನಿದ್ದೆಗೆಟ್ಟರೆ ನಡೆದೀತೆ? ಹಾಗಾಗಿ ರಾತ್ರಿಯಿಡೀ ಓದುತ್ತೇವೆಂದು ಬಕೆಟ್ಟಿನ ತಣ್ಣೀರಿನಲ್ಲಿ ಕಾಲಿಟ್ಟು ಕೂರುವ ಹುಡುಗಿಯರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ.

ತೊಂಬತ್ತೆಂಟರ ಚಳಿಗಾಲದಲ್ಲಿ ಆ ಬಕೆಟ್ಟಿನ ಹುಚ್ಚು ತಲೆಗೇರಿದ್ದು ಚಿಗಟೇರಿಯ ತಮನ್ನಾಗೆ. ಎರಡನೇ ಪಿಯುಸಿ ಓದುತ್ತಿದ್ದಳು. ಜಾಣೆ, ನಗುಮುಖದವಳು. ರಾತ್ರಿ ಎರಡರ ತನಕ ಓದು, ನಾಲ್ಕಕ್ಕೆ ಮತ್ತೆ ಏಳುವುದು, ನಡುವೆ ಲೋಟಗಟ್ಟಲೆ ಚಹಾ. ತಿಂಗಳು ತುಂಬುವುದರೊಳಗೆ ನಗು ಹೋಯಿತು. ಸಾರಿಗೆ ಉಪ್ಪು ಕಡಿಮೆಯಾದರೂ ಅಳು, ಗೆಳತಿ ಮಾತಾಡಿಸಿದರೂ ಅಳು. ಒಂದು ಮಧ್ಯಾಹ್ನ ಟ್ರಂಕು ಹಿಡಿದು ಅಡುಗೆಮನೆ ಬಾಗಿಲಿಗೇ ಬಂದು ನಿಂತಳು.

“ಊರಿಗೆ ಹೊಂಟೀನಿ ಅಕ್ಕಾ. ಓದಿದ್ದು ಒಂದೂ ತಲಿಯಾಗ ನಿಲ್ಲವಲ್ದು. ನಾನು ಯಾತಕ್ಕೂ ಉಪಯೋಗ ಇಲ್ಲ.”

ಗೀತಮ್ಮ ಟ್ರಂಕಿನ ಹಿಡಿಕೆ ಹಿಡಿದುಕೊಂಡಳು. ಈಗ ಹೋದರೆ ಈ ಹುಡುಗಿ ಮರಳಿ ಬರುವುದಿಲ್ಲ, ಅದು ಅವಳಿಗೆ ಖಾತ್ರಿ.

“ಎಂಟು ದಿನ ತಡಿಯವ್ವಾ. ಆಮ್ಯಾಲೂ ಹಿಂಗ ಅನ್ನಿಸಿದ್ರ ನಾನ ಬಸ್ಸು ಹತ್ತಿಸಿ ಬರ್ತೀನಿ.”

ಎಂಟು ದಿನ ಅಂದದ್ದೇನೋ ಸರಿ, ಮಾಡುವುದೇನು? ಮಲಗು ಅಂದರೆ ಕೇಳುವ ಪೈಕಿಯೇ ಅವಳು? ಮೀಟರ್ ಬೋರ್ಡು ಇದ್ದದ್ದು ಅಡುಗೆಮನೆಯ ಬಾಗಿಲಲ್ಲೇ. ಅವತ್ತು ರಾತ್ರಿ ಸರಿಯಾಗಿ ಹತ್ತಕ್ಕೆ ಗೀತಮ್ಮ ಮೇನ್ ಸ್ವಿಚ್ ಇಳಿಸಿ, ಫ್ಯೂಸು ಕಿತ್ತು, ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹುಗಿದಳು. ಮೇಣದಬತ್ತಿ, ಕಡ್ಡಿಪೆಟ್ಟಿಗೆ ಮೊದಲೇ ಅವಳ ಸೆರಗು ಸೇರಿದ್ದವು. ಚಹಾಪುಡಿ ಖಾಲಿ ಎಂಬ ಸುಳ್ಳೂ ಸಿದ್ಧವಿತ್ತು. ಹುಡುಗಿಯರು ಕರೆಂಟಿನವರಿಗೆ ಹಿಡಿಶಾಪ ಹಾಕುತ್ತಾ, ಬೇರೆ ದಾರಿ ಕಾಣದೆ ಮಲಗಿದರು. ಬೆಳಗಿನ ಐದಕ್ಕೆ ಕರೆಂಟು ಬಂತು. ಮರುದಿನವೂ ಹತ್ತಕ್ಕೇ ಹೋಯಿತು.

ಮೂರು ರಾತ್ರಿ ತಮನ್ನಾ ಹೊರಳಾಡಿದಳು. ನಾಲ್ಕನೆಯ ರಾತ್ರಿ ಅವಳ ಕೋಣೆಯಿಂದ ಸಣ್ಣಗೆ ಗೊರಕೆ ಕೇಳಿಸಿತು. ಇನ್ನೆರಡು ದಿನಕ್ಕೆ ಮೂರು ರೊಟ್ಟಿ ತಿಂದು, “ಪಲ್ಯ ಇನ್ನೊಂಚೂರು ಹಾಕ್ರಿ” ಅಂದಳು. ಆಮೇಲೆ ಅವಳು ಗೆಳತಿಗೆ ಪಾಠ ಒಪ್ಪಿಸುತ್ತಾ ನಕ್ಕದ್ದು ಕೇಳಿ ಗೀತಮ್ಮ ಒಲೆಯ ಮುಂದೆ ಕೂತು ಖುಷಿಗೆ ಅತ್ತೇಬಿಟ್ಟಳು.

ಎಂಟನೆಯ ದಿನ ಗ್ರಹಚಾರ ಕೆಟ್ಟಿತು. ಹುಡುಗಿಯರು ಅರ್ಜಿ ಕೊಟ್ಟಿದ್ದರಿಂದ ಲೈನ್‌ಮನ್ ಮಂಜಣ್ಣ ಬಂದ. ಕಂಬ ಹತ್ತಿ ಇಳಿದ, ಬೋರ್ಡು ಬಿಚ್ಚಿದ, ಫ್ಯೂಸು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದ.

“ಇದಕ್ಯಾಕ ಜ್ವಾಳದ ಹಿಟ್ಟು ಮೆತ್ತೈತ್ರಿ?”

ವಾರ್ಡನ್ ಉಚ್ಚಂಗೆಮ್ಮ ಗೀತಮ್ಮನ ಮುಖ ನೋಡಿದರು. ನಲವತ್ತು ಹುಡುಗಿಯರೂ ನೋಡಿದರು.

“ಇನ್ನೊಮ್ಮೆ ಬೋರ್ಡಿಗೆ ಕೈ ಹಚ್ಚಿದ್ರ ಕೆಲಸ ಬಿಟ್ಟು ನಡಿ,” ಅಂದರು ವಾರ್ಡನ್.

ಆ ರಾತ್ರಿ ಹತ್ತು ಹೊಡೆದರೂ ದೀಪ ಉರಿಯುತ್ತಲೇ ಇತ್ತು. ಜೀವಮಾನದಲ್ಲಿ ಮೊದಲ ಸಲ ಗೀತಮ್ಮನಿಗೆ ನಿದ್ದೆ ಹತ್ತಲಿಲ್ಲ. ಕಣ್ಣು ಮುಚ್ಚಿದರೆ ಸಾಕು, ಅದೇ ಟ್ರಂಕು. ನಾಳೆ ಬಸ್ಸು ಹತ್ತಿಸಬೇಕಾಗುತ್ತದೋ ಏನೋ ಎಂದು ಮಗ್ಗುಲು ಬದಲಿಸುವಷ್ಟರಲ್ಲಿ ಬಾಗಿಲಲ್ಲಿ ಟಕ್ಕೆಂದಿತು, ದೀಪ ಆರಿತು. ಕತ್ತಲಲ್ಲಿ ತಮನ್ನಾ ಬಂದು ಪಕ್ಕ ಕೂತಳು. ಕೈಯಲ್ಲಿ ಫ್ಯೂಸು.

“ಎಂಟು ದಿನ ಆತಕ್ಕಾ. ಟ್ರಂಕಿನಾಗಿನ ಅರಿವಿ ತಗದು ಗೂಟಕ್ಕ ಹಾಕೀನಿ. ನಿದ್ದಿ ಮಾಡಿದ್ರನ ಓದಿದ್ದು ತಲಿಯಾಗ ನಿಲ್ತೈತಿ ಅಂತ ಎಲ್ಲಾರೂ ಕೂಡಿ ವಾರ್ಡನ್ ಮೇಡಂನ ಒಪ್ಪಿಸೀವಿ, ಇನ್ನ ಮ್ಯಾಲೆ ಇದನ್ನ ನಾವ ಕೀಳ್ತೀವಿ. ಹಿಟ್ಟಿನ ಡಬ್ಬಿ ಎಲ್ಲೈತಿ?”

ಗೀತಮ್ಮ ಕೈ ಮಾಡಿ ತೋರಿಸಿದಳು. ತಮನ್ನಾ ಫ್ಯೂಸು ಹುಗಿದು ಡಬ್ಬಿಯ ಮುಚ್ಚಳ ಹಾಕುವಷ್ಟರಲ್ಲಿ ಇತ್ತ ಗೊರಕೆ ಶುರುವಾಗಿತ್ತು.