ಕಾವೂರಿನಲ್ಲಿ ಒಂದು ಗೆರೆ

ಘಾಟಿಯಲ್ಲಿ ಬಸ್ಸು ಉರುಳಬಹುದಿತ್ತು. ಹೋಟೆಲಿನ ಮೀನು ಹೊಟ್ಟೆ ಕೆಡಿಸಬಹುದಿತ್ತು. ಪಾರ್ಶ್ವವಾಯು ಬಡಿದ ಗೆಳೆಯ ಹಸನಬ್ಬ ನನ್ನ ಗುರುತು ಹಿಡಿಯದಿರಬಹುದಿತ್ತು. ಹಿಡಿದರೆ ನಾನು ಅತ್ತುಬಿಡಬಹುದಿತ್ತು. ಯಾವುದೂ ಆಗಲಿಲ್ಲ. ಕಾವೂರಿನ ಮನೆಯ ಬಾಗಿಲಲ್ಲೇ ಹಸನಬ್ಬ, "ಎಂತ ಮಾರಾಯ, ಕಾಯಿಲೆ ನನಗಾ ನಿನಗಾ?" ಅಂದ.

ಕಾಯಿಲೆ ಬಿದ್ದಮೇಲೆ ಮೊದಲ ಸಲ ಕುಂಚ ಹಿಡಿಯುತ್ತೇನೆಂದು ಟ್ರಂಕ್ ಕಾಲ್ ಮಾಡಿ ಕರೆಸಿದ್ದ. ಅವನ ಚಿತ್ರವೆಂದರೆ ಒಂದೇ ಗೆರೆ. ಕಣ್ಣು ಮುಚ್ಚಿ ಕೂತು, ಮನಸ್ಸು ನಿಂತ ಮೇಲೆ ಎದ್ದು, ಮುಚ್ಚಿದ ಕಣ್ಣಲ್ಲೇ ನಡೆಯುತ್ತ ಒಂದೇ ಉಸಿರಿಗೆ ಎಳೆಯಬೇಕು. ಅಕ್ಷರದ ಬಾಗು ಬಳುಕೆಲ್ಲ ಉಂಟು, ಓದಲಿಕ್ಕೆ ಆಗುವುದಿಲ್ಲ. "ಓದಿದರೆ ಅದು ಕಾಗದ ಬರೆದ ಹಾಗೆ ಆಯ್ತಲ್ಲ" ಎನ್ನುತ್ತಾನೆ.

ಕೋಣೆಯುದ್ದಕ್ಕೂ ಕಾಗದ ಹಾಸಿತ್ತು. ದಾರಿಗೆ ಅಡ್ಡವಾಗಬಾರದೆಂದು ನಾನು ಎಡತುದಿಯಲ್ಲಿ ಕೂತೆ. ಅವನು ಎಳೆಯುವುದನ್ನು ಎಂದೂ ಕಣ್ಣಾರೆ ನೋಡಿರಲಿಲ್ಲ; ಕನ್ನಡ ಬರೆದ ಹಾಗೆ ಗೆರೆ ಇಲ್ಲಿಂದ ಹೊರಟು ಬಲಕ್ಕೆ ಹೋಗುತ್ತದಲ್ಲ ಎಂದುಕೊಂಡೆ. ಆದರೆ ಹಸನಬ್ಬ ಮೊದಲು ಕಲಿತದ್ದು ಮದ್ರಸದ ಅರಬಿ ಅಕ್ಷರ. ಕಣ್ಣು ಮುಚ್ಚಿಕೊಂಡೇ ಎದ್ದವನು ಬಲತುದಿಗೆ ಹೋಗಿ ಅಲ್ಲಿಂದ ಹೊರಟ. ಕೈ ನಡುಗಲಿಲ್ಲ. ಗೆರೆ ನನ್ನತ್ತಲೇ ಬಂತು. ಸರಿದರೆ ಸದ್ದಾಗಿ ಅವನ ಧ್ಯಾನ ಕೆಟ್ಟೀತೆಂದು ಹೆದರಿ ಕೂತೇ ಇದ್ದೆ. ಕುಂಚ ನನ್ನ ಮೊಣಕಾಲಿಗೆ ತಾಗಿ ನಿಂತಿತು.

ಕಣ್ಣು ಬಿಟ್ಟ. "ನೀನು ಇಲ್ಲಿ ಎಂತಕ್ಕೆ ಕೂತದ್ದು?" ದನಿಯಲ್ಲಿ ಸಿಟ್ಟಿರಲಿಲ್ಲ.

"ಇನ್ನೊಮ್ಮೆ ನೋಡುವ" ಎಂದು ಹೆಂಡತಿ ನಫೀಸಾ ಹೊಸ ಕಾಗದ ಹಾಸಿದಳು. ಅವನ ಕೈ ಮತ್ತೆ ಏಳಲಿಲ್ಲ.

ಗೆರೆಯ ಕೊನೆ ನನ್ನ ಪ್ಯಾಂಟಿನ ಮೇಲಿದೆ. ವಾಪಸು ಹೋಗುವ ಬಸ್ಸಿನಲ್ಲಿ ಅದರ ಮೇಲೆ ಚೀಲ ಇಟ್ಟುಕೊಂಡು ಕೂತಿದ್ದೇನೆ.